ಹಲ್ಲಿಲ್ಲದ ಹಳಿ: ಕೋಡಿಂಬಾಳದ ಆಚೆಗಿನ ಘಟ್ಟದ ರೈಲುದಾರಿ

ಮಂಗಳೂರಿನಿಂದ ಹೊರಟ ರೈಲು ಕಬಕ ಪುತ್ತೂರು, ಎಡಮಂಗಲ, ಕೋಡಿಂಬಾಳಗಳನ್ನು ದಾಟಿ ನೆಟ್ಟಣಕ್ಕೆ ಬಂದು ನಿಲ್ಲುತ್ತದೆ. ಅಲ್ಲಿನ ನಿಲ್ದಾಣದ ಹೆಸರು ಸುಬ್ರಹ್ಮಣ್ಯ ರೋಡ್. ಘಟ್ಟ ಶುರುವಾಗುವುದು ಅಲ್ಲಿಂದ. ಸಮುದ್ರಮಟ್ಟದಿಂದ ಸುಮಾರು 120 ಮೀಟರ್ ಎತ್ತರದ ನೆಟ್ಟಣಕ್ಕೂ ಸುಮಾರು 900 ಮೀಟರ್ ಎತ್ತರದ ಸಕಲೇಶಪುರಕ್ಕೂ ನಡುವೆ ಇರುವುದು 55 ಕಿ.ಮೀ. ಹಳಿ. ಇಷ್ಟು ಎತ್ತರವನ್ನು ಈ ದಾರಿ, ಎಂಜಿನ್ನಿನ ಹಲ್ಲುಚಕ್ರ ಕಚ್ಚಿ ಏರುವ ಹಲ್ಲುಹಳಿಯ ನೆರವಿಲ್ಲದೆ, ಉಕ್ಕಿನ ಚಕ್ರಕ್ಕೂ ಉಕ್ಕಿನ ಹಳಿಗೂ ಇರುವ ಹಿಡಿತವೊಂದನ್ನೇ ನಂಬಿ ಏರುತ್ತದೆ. ಆ ಆಯ್ಕೆಗೆ ಕಾರಣವೇನು, ಅದಕ್ಕೆ ತೆತ್ತ ಬೆಲೆಯೇನು ಎಂಬುದು ಇಲ್ಲಿನ ವಿಚಾರ.

ಹಲ್ಲುಹಳಿಯ ಚರಿತ್ರೆ ಮೊದಲಾಗುವುದು ಬೇರೆ ದೇಶಗಳಲ್ಲಿ. ಅಮೆರಿಕದ ಮೌಂಟ್ ವಾಷಿಂಗ್ಟನ್ ಬೆಟ್ಟಕ್ಕೆ 1869ರಲ್ಲಿ, ಸ್ವಿಟ್ಜರ್‌ಲೆಂಡಿನ ರಿಗಿ ಬೆಟ್ಟಕ್ಕೆ 1871ರಲ್ಲಿ ಇಂಥ ರೈಲು ಹತ್ತಿತು. ರಿಗಿಯ ದಾರಿ ಕಟ್ಟಿದ ನಿಕ್ಲಾಸ್ ರಿಗೆನ್‌ಬಾಖ್ ನೀಲಗಿರಿಗೂ ಒಂದು ಯೋಜನೆ ಮಾಡಿಕೊಟ್ಟಿದ್ದ. ಆದರೆ ಕೊನೆಗೆ ನೀಲಗಿರಿಗೆ ಬಂದದ್ದು ಅವನ ಪದ್ಧತಿಯಲ್ಲ, ರೋಮನ್ ಆಬ್ಟ್ ರೂಪಿಸಿದ್ದು. ಮೊದಲ ಕಂಪನಿ ಕೆಲಸ ಮುಗಿಸುವ ಮುನ್ನವೇ ದಿವಾಳಿಯಾಯಿತು. ಎರಡನೆಯ ಕಂಪನಿಯ ಕಾಲದಲ್ಲಿ, 1899ರಲ್ಲಿ, ಮೆಟ್ಟುಪಾಳ್ಯದಿಂದ ಕೂನೂರಿಗೆ ರೈಲು ಓಡಿತು. ಕನ್ನಡಕ್ಕೆ ಹತ್ತಿರದ ನುಡಿಯಾಡುವ ಬಡಗರ ಹಟ್ಟಿಗಳ ನಡುವೆ, ಕೇತಿ ಕಣಿವೆಯ ಮೇಲೆ ಹಾದು ಅದು ಊಟಿ ಮುಟ್ಟಿದ್ದು 1908ರಲ್ಲಿ. ಹಲ್ಲುಹಳಿ ಇರುವ ಭಾರತದ ಏಕೈಕ ರೈಲುದಾರಿ ಇಂದಿಗೂ ಅದೇ.

ಅದರ ಕೆಲಸವನ್ನು ಹತ್ತಿರದಿಂದ ನೋಡಬೇಕು. ಕಲ್ಲಾರಿನಿಂದ ಕೂನೂರಿನವರೆಗೆ ಎರಡು ಹಳಿಗಳ ನಟ್ಟನಡುವೆ ಹಲ್ಲುಳ್ಳ ಎರಡು ಉಕ್ಕಿನ ಪಟ್ಟಿಗಳು ಅಕ್ಕಪಕ್ಕದಲ್ಲಿ ಓಡುತ್ತವೆ. ಹಳಿಯ ಮಟ್ಟಕ್ಕಿಂತ 65 ಮಿ.ಮೀ. ಮೇಲೆ ಅವುಗಳ ಜಾಗ. ಒಂದು ಪಟ್ಟಿಯ ಹಲ್ಲು ಇನ್ನೊಂದರ ಸಂದಿಗೆ ಎದುರಾಗಿರುವುದರಿಂದ ಎಂಜಿನ್ನಿನ ಹಲ್ಲುಚಕ್ರ ಯಾವ ಗಳಿಗೆಯಲ್ಲೂ ಹಿಡಿತ ಬಿಡುವುದಿಲ್ಲ. ಸ್ವಿಟ್ಜರ್‌ಲೆಂಡಿನ ವಿಂಟರ್‌ತೂರ್‌ನಲ್ಲಿ ತಯಾರಾದ ಎಕ್ಸ್ ಕ್ಲಾಸ್ ಉಗಿ ಎಂಜಿನ್ನಿಗೆ ನಾಲ್ಕು ಸಿಲಿಂಡರು. ಎರಡರಲ್ಲಿ ದುಡಿದ ಉಗಿ ಹೊರಹೋಗದೆ ಉಳಿದೆರಡಕ್ಕೆ ನುಗ್ಗಿ ಹಲ್ಲುಚಕ್ರವನ್ನು ತಿರುಗಿಸುತ್ತದೆ. ಎಂಜಿನ್ ಯಾವಾಗಲೂ ಇಳಿಜಾರಿನ ಬದಿಗೇ ಇರುತ್ತದೆ, ಏರುವಾಗ ಡಬ್ಬಿಗಳನ್ನು ಹಿಂದಿನಿಂದ ನೂಕುತ್ತದೆ. ಎದುರಿನ ದಾರಿ ಚಾಲಕನಿಗೆ ಕಾಣದು. ಒಂದೊಂದು ಡಬ್ಬಿಯ ಮುಂದಿನ ಜಗಲಿಯಲ್ಲೂ ಬ್ರೇಕಿನವನು ಬಾವುಟ ಹಿಡಿದು ನಿಂತಿರುತ್ತಾನೆ. ಏರು ಕೆಲವೆಡೆ 12.5ಕ್ಕೆ 1. ವೇಗ ಗಂಟೆಗೆ ಸುಮಾರು 13 ಕಿ.ಮೀ., ನೂಕುವುದು ನಾಲ್ಕೈದು ಡಬ್ಬಿ.

ಇದೇ ಲೆಕ್ಕವನ್ನು ನೆಟ್ಟಣಕ್ಕೆ ಹಾಕಿ ನೋಡೋಣ. ಸುಮಾರು 780 ಮೀಟರ್ ಏರಲು ನೀಲಗಿರಿಯ ಕಡಿದಾದ ಏರಿನಲ್ಲಿ 10 ಕಿ.ಮೀ. ಹಳಿ ಸಾಕಿತ್ತು. ಸಕಲೇಶಪುರದ ದಾರಿಯ ಏರು 50ಕ್ಕೆ 1. ಹಾಗಾಗಿ ಬರೀ ಎತ್ತರ ಗಳಿಸಲಿಕ್ಕೇ 39 ಕಿ.ಮೀ. ಬೇಕು, ಉಳಿದದ್ದು ನಿಲ್ದಾಣದ ಸಮತಟ್ಟು ಮತ್ತು ತಿರುವುಗಳ ಪಾಲು. ಆದರೂ ಹಲ್ಲುಹಳಿ ಇಲ್ಲಿ ಎಂದೂ ಹೊಂದುತ್ತಿರಲಿಲ್ಲ. ನೀಲಗಿರಿಯ ರೈಲು ಹುಟ್ಟಿದ್ದು ಗಿರಿಧಾಮಕ್ಕೆ ಹೋಗುವವರಿಗಾಗಿ, ಇದು ಬಂದರಿಗಾಗಿ. ಮಂಗಳೂರಿಗೆ ರೈಲು 1907ರಲ್ಲೇ ಬಂದಿತ್ತಾದರೂ ಅದು ಬಂದದ್ದು ಮಲಬಾರಿನ ಕಡೆಯಿಂದ. ಘಟ್ಟದ ಮೇಲಿನ ಸೀಮೆಗೆ ಕರಾವಳಿಯೊಂದಿಗೆ ನೇರ ಹಳಿ ಇರಲಿಲ್ಲ. 1960ರ ದಶಕದಲ್ಲಿ ಕೆಲಸ ಆರಂಭವಾಗಿ ಹಾಸನ–ಮಂಗಳೂರು ಮೀಟರ್ ಗೇಜ್ ದಾರಿ ಪೂರ್ತಿಯಾಗುವಾಗ 1979. ಅಷ್ಟರಲ್ಲಿ ಪಣಂಬೂರಿನ ನವಮಂಗಳೂರು ಬಂದರು ಕೆಲಸ ಶುರುಮಾಡಿಯಾಗಿತ್ತು. ಅದಿರು, ಗೊಬ್ಬರ ಹೊತ್ತ ಗೂಡ್ಸ್ ಗಾಡಿಯನ್ನು ನಾಲ್ಕು ಡಬ್ಬಿಯ ಲೆಕ್ಕದಲ್ಲಿ ತುಂಡರಿಸಿ ಏರಿಸುವುದು ಆಗದ ಮಾತು.

ಹಾಗೆಂದು ಏರಿನ ಕಷ್ಟ ತಪ್ಪಲಿಲ್ಲ, ಎಂಜಿನ್ನಿನಿಂದ ಗುಡ್ಡಕ್ಕೆ ವರ್ಗವಾಯಿತು. ಮೆತ್ತಗಿನ ಏರು ಬೇಕೆಂದರೆ ಹಳಿ ಬೆಟ್ಟದ ಮಗ್ಗುಲನ್ನು ಬಳಸಿಯೇ ಹೋಗಬೇಕು, ಅಡ್ಡ ಬಂದ ಕೋಡುಗಲ್ಲನ್ನು ಕೊರೆಯಬೇಕು, ಹಳ್ಳಕ್ಕೆ ಸೇತುವೆ ಕಟ್ಟಬೇಕು. 57 ಸುರಂಗಗಳು ಬಂದದ್ದು ಹೀಗೆ. ಗೇಜ್ ಬದಲಾವಣೆಗೆಂದು 1990ರ ದಶಕದ ನಡುವೆ ನಿಂತ ರೈಲು ಮತ್ತೆ ಓಡಲು ಹತ್ತು ವರ್ಷ ದಾಟಿತು. ಕೆಲಸ ಮುಂದೆ ಸಾಗಲು 2003ರಲ್ಲಿ ರೈಲ್ವೆ ಮತ್ತು ರಾಜ್ಯ ಸರ್ಕಾರಗಳು ಸೇರಿ ಪ್ರತ್ಯೇಕ ಕಂಪನಿಯನ್ನೇ ಕಟ್ಟಬೇಕಾಯಿತು. 2006ರಲ್ಲಿ ಗೂಡ್ಸ್, 2007ರ ಡಿಸೆಂಬರಿನಲ್ಲಿ ಪ್ರಯಾಣಿಕರ ಗಾಡಿ ಬ್ರಾಡ್ ಗೇಜಿನ ಮೇಲೆ ಬಂದವು. ಆ ನಡುಗಾಲದಲ್ಲಿ ಹಳಿಯ ಮೇಲೆ ಓಡಾಡಿದವರು ಚಾರಣಿಗರು. ‘ಗ್ರೀನ್ ರೂಟ್’ ಎಂಬ ಹೆಸರು ಜನಪ್ರಿಯವಾದದ್ದು ಅವರಿಂದ.

ಇಲ್ಲಿ ಹಲ್ಲುಚಕ್ರದ ಬದಲಿಗೆ ದುಡಿಯುವುದು ಬ್ಯಾಂಕರ್ ಎಂಜಿನ್. ಏರುವಾಗ ಅದು ನೂಕುತ್ತದೆ, ಇಳಿಯುವಾಗ ಗಾಡಿಯನ್ನು ಹಿಡಿದಿಡುತ್ತದೆ. ಇಳಿತದಲ್ಲಿ ಬ್ರೇಕ್ ಬ್ಲಾಕುಗಳನ್ನಷ್ಟೇ ನಂಬಿದರೆ ಅವು ಕಾದು ಸೋಲುತ್ತವೆ. ಅದಕ್ಕೆ ಎಂಜಿನ್ನಿನ ಮೋಟಾರುಗಳನ್ನೇ ಜನರೇಟರುಗಳಂತೆ ತಿರುಗಿಸಿ ವೇಗ ತಗ್ಗಿಸುತ್ತಾರೆ. ಗಂಟೆಗೆ 30 ಕಿ.ಮೀ. ಮಿತಿ. ಗೋವಾಕ್ಕೆ ಇಳಿಯುವ ಕ್ಯಾಸಲ್‌ರಾಕ್–ಕುಳೆಂ ಘಟ್ಟದಲ್ಲಿ ಏರು 37ಕ್ಕೆ 1, ಅಲ್ಲಿಯೂ ಬ್ಯಾಂಕರ್ ಬೇಕೇ ಬೇಕು.

ಮಳೆಗಾಲದಲ್ಲಿ ಮಾತ್ರ ಎಂಜಿನ್ನಿನ ಬಲ ಲೆಕ್ಕಕ್ಕೆ ಬಾರದು. 2018ರ ಆಗಸ್ಟಿನಲ್ಲಿ ಸಿರಿಬಾಗಿಲಿನಿಂದ ಸಕಲೇಶಪುರದವರೆಗೆ ಹಲವೆಡೆ ಗುಡ್ಡ ಜರಿದು ವಾರಗಟ್ಟಲೆ ಸಂಚಾರ ನಿಂತಿತು. 2024ರ ಜುಲೈ ಕೊನೆಗೆ ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣೇ ಜಾರಿತು. ಅಂಥ ಕಡೆ ಲಾರಿ ಹೋಗುವ ರಸ್ತೆಯಿಲ್ಲ. ಕಲ್ಲು, ಮರಳಿನ ಚೀಲ, ಯಂತ್ರ ಎಲ್ಲವೂ ಆ ಹಳಿಯ ಮೇಲೆಯೇ ಬರಬೇಕು. ಹೀಗಾಗಿ ದುರಸ್ತಿಯ ವೇಗವನ್ನು ನಿರ್ಧರಿಸುವುದು ಕೆಲಸಗಾರರ ಸಂಖ್ಯೆಯಲ್ಲ, ಉಳಿದಿರುವ ಹಳಿಯ ತುದಿ ಎಲ್ಲಿದೆ ಎಂಬುದು. 2025ರಲ್ಲಿ ವಿದ್ಯುದೀಕರಣಕ್ಕೆಂದು ತಿಂಗಳುಗಟ್ಟಲೆ ಹಗಲಿನ ರೈಲುಗಳನ್ನು ನಿಲ್ಲಿಸಬೇಕಾಗಿ ಬಂದದ್ದಕ್ಕೂ ಇದೇ ಕಾರಣ: ತಂತಿ ಎಳೆಯುವವರಿಗೂ ಒಳಗೆ ಹೋಗಲು ಬೇರೆ ದಾರಿ ಇರಲಿಲ್ಲ.