ಉಪ್ಪಿನ ಗದ್ದೆಗಳಲ್ಲಿ ಉಪ್ಪುನೀರಿನ ಸಾಂದ್ರತೆಯ ಮಾಪನ

ಸಮುದ್ರದ ನೀರನ್ನು ಬಿಸಿಲಿನಲ್ಲಿ ಆವಿಯಾಗಿಸಿ ಉಪ್ಪು ತಯಾರಿಸುವವರು, ಆ ಉದ್ದೇಶಕ್ಕಾಗಿ ಜಮೀನು, ಸಾಲ ಅಥವಾ ಪರವಾನಗಿ ಕೋರಿ ಅರ್ಜಿ ಸಲ್ಲಿಸುವವರು ಉಪ್ಪುನೀರಿನ ಸಾಂದ್ರತೆಯನ್ನು ಅಳೆಯುವ ವಿಧಾನವನ್ನು ತಿಳಿದಿರುವುದು ಅವಶ್ಯವಾಗಿರುತ್ತದೆ. ಉಪ್ಪಿನ ಗುಣಮಟ್ಟವು ಬಹುಮಟ್ಟಿಗೆ ಈ ಮಾಪನವನ್ನೇ ಅವಲಂಬಿಸಿದೆ. ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿನ ಸಾಣಿಕಟ್ಟೆಯಲ್ಲಿ ಅಘನಾಶಿನಿ ನದಿಯ ಅಳಿವೆಯ ನೀರಿನಿಂದ ಉಪ್ಪು ತೆಗೆಯಲಾಗುತ್ತದೆ. ಅಳಿವೆಯ ನೀರು ಮಳೆಗಾಲದಲ್ಲಿ ಸಪ್ಪೆಯಾಗಿ ಬೇಸಿಗೆಯಲ್ಲಿ ಉಪ್ಪಾಗುವುದರಿಂದ ಅಂತಹ ಸ್ಥಳಗಳಲ್ಲಿ ಅಂದಾಜನ್ನು ನಂಬುವಂತಿಲ್ಲ.

ಬೋಮೆ ಡಿಗ್ರಿ

ಉಪ್ಪು ಉದ್ಯಮದಲ್ಲಿ ಸಾಂದ್ರತೆಯನ್ನು ಬೋಮೆ ಡಿಗ್ರಿಗಳಲ್ಲಿ ಹೇಳುವುದು ರೂಢಿ. ಫ್ರಾನ್ಸ್ ದೇಶದ ಔಷಧ ತಯಾರಕ ಆಂಟ್ವಾನ್ ಬೋಮೆ 18ನೆಯ ಶತಮಾನದಲ್ಲಿ ಈ ಮಾನವನ್ನು ರೂಪಿಸಿದನು. ಶುದ್ಧ ನೀರಿಗೆ 0 ಡಿಗ್ರಿ. 145ನ್ನು, 145ರಿಂದ ಬೋಮೆ ಡಿಗ್ರಿಯನ್ನು ಕಳೆದು ಉಳಿದ ಸಂಖ್ಯೆಯಿಂದ ಭಾಗಿಸಿದರೆ ಸಾಪೇಕ್ಷ ಸಾಂದ್ರತೆ ದೊರೆಯುತ್ತದೆ.

ಸಮುದ್ರದ ನೀರು ಸುಮಾರು 3.5 ಡಿಗ್ರಿ, ಅಂದರೆ 1.025ರಷ್ಟು ಸಾಂದ್ರತೆ ಹೊಂದಿರುತ್ತದೆ. ನೀರು ಆವಿಯಾದಂತೆ ಮೊದಲು ಸುಣ್ಣದ ಅಂಶವೂ ಸುಮಾರು 13 ಡಿಗ್ರಿ ದಾಟಿದ ಮೇಲೆ ಜಿಪ್ಸಂ ಕೂಡ ತಳಕ್ಕಿಳಿಯುತ್ತವೆ. ಅಡುಗೆ ಉಪ್ಪು ಹರಳುಗಟ್ಟಲು ಆರಂಭಿಸುವುದು ಸುಮಾರು 25.4 ಡಿಗ್ರಿಯಲ್ಲಿ (ಸಾಂದ್ರತೆ 1.21). ಸುಮಾರು 29 ಡಿಗ್ರಿಯಲ್ಲಿ (1.25) ಉಳಿಕೆ ನೀರನ್ನು ಗದ್ದೆಯಿಂದ ಹೊರಬಿಡತಕ್ಕದ್ದು. ತಡಮಾಡಿದಲ್ಲಿ ಮೆಗ್ನೀಸಿಯಂ ಲವಣಗಳು ಉಪ್ಪಿಗೆ ಅಂಟಿಕೊಂಡು ಅದು ಕಹಿಯಾಗುತ್ತದೆ ಮತ್ತು ಗಾಳಿಯ ತೇವವನ್ನು ಹೀರಿ ಚೀಲದಲ್ಲಿಯೇ ನೀರೊಡೆಯುತ್ತದೆ. ಖಾದ್ಯ ಉಪ್ಪಿನಲ್ಲಿ ತೇವಾಂಶ ಕಳೆದ ತೂಕದ ಮೇಲೆ ಕನಿಷ್ಠ ಶೇ. 96ರಷ್ಟು ಸೋಡಿಯಂ ಕ್ಲೋರೈಡ್ ಇರಬೇಕಾಗಿರುವುದರಿಂದ, ಇಂತಹ ಉಪ್ಪು ಇಡೀ ಹಂಗಾಮಿನ ದುಡಿಮೆಯ ಬೆಲೆಯನ್ನೇ ತಗ್ಗಿಸಬಹುದು.

ಹೈಡ್ರೋಮೀಟರಿನಿಂದ ಅಳೆಯುವುದು

ಗದ್ದೆಯ ಮೇಲ್ಪದರದ ನೀರು ಮತ್ತು ತಳದ ನೀರು ಒಂದೇ ಸಾಂದ್ರತೆಯಲ್ಲಿರುವುದಿಲ್ಲ. ಆದುದರಿಂದ ಎರಡು ಮೂರು ಕಡೆಯಿಂದ ನೀರು ತೆಗೆದು, ಬೆರೆಸಿ, ಕೆಸರು ತಳಕ್ಕಿಳಿದ ಬಳಿಕ ಎತ್ತರದ ಗಾಜಿನ ಜಾಡಿಗೆ ತುಂಬಬೇಕು. ಒರೆಸಿ ಒಣಗಿಸಿದ ಹೈಡ್ರೋಮೀಟರನ್ನು ಮೆಲ್ಲಗೆ ಇಳಿಬಿಟ್ಟು, ಅಂಟಿದ ಗಾಳಿಗುಳ್ಳೆಗಳು ಹೋಗುವಂತೆ ಒಮ್ಮೆ ತಿರುಗಿಸಬೇಕು. ಅದು ಜಾಡಿಯ ಗೋಡೆಗಾಗಲಿ ತಳಕ್ಕಾಗಲಿ ತಾಗಿರಬಾರದು. ದಂಡಿಯ ಸುತ್ತ ನೀರು ಸ್ವಲ್ಪ ಮೇಲೇರಿರುತ್ತದೆ; ಆ ಏರಿದ ಅಂಚನ್ನು ಬಿಟ್ಟು, ನೀರಿನ ಸಮಮಟ್ಟಕ್ಕೆ ಎದುರಾದ ಅಂಕಿಯನ್ನು ಓದಬೇಕು.

ಬಹಳಷ್ಟು ತಪ್ಪು ನಡೆಯುವುದು ಉಷ್ಣತೆಯ ವಿಷಯದಲ್ಲಿ. ಉಪಕರಣವು ಯಾವ ಉಷ್ಣತೆಗೆ ಹೊಂದಿಸಲ್ಪಟ್ಟಿದೆ ಎಂಬುದು ಅದರ ಮೇಲೆಯೇ ನಮೂದಾಗಿರುತ್ತದೆ. 15.6 ಡಿಗ್ರಿ ಸೆಲ್ಸಿಯಸ್‌ಗೆ ಹೊಂದಿಸಿದ ಹೈಡ್ರೋಮೀಟರನ್ನು ಮಧ್ಯಾಹ್ನದ 35 ಡಿಗ್ರಿ ಬಿಸಿಯ ದಟ್ಟ ಉಪ್ಪುನೀರಿನಲ್ಲಿಟ್ಟರೆ ನಿಜಕ್ಕಿಂತ ಸುಮಾರು ಒಂದು ಬೋಮೆ ಡಿಗ್ರಿ ಕಡಿಮೆ ತೋರಿಸುತ್ತದೆ. ಹೀಗಾಗಿ 29 ಎಂದು ಓದಿದ ನೀರು ವಾಸ್ತವವಾಗಿ 30ರ ಸಮೀಪವಿದ್ದು, ಹೊರಬಿಡುವ ಸಮಯ ಮೀರಿರುತ್ತದೆ. ಪ್ರತಿದಿನ ಒಂದೇ ಹೊತ್ತಿನಲ್ಲಿ, ಸಾಧ್ಯವಾದರೆ ಬೆಳಗಿನ ತಂಪಿನಲ್ಲಿ ಅಳೆದು, ಬೋಮೆ ಅಂಕಿಯ ಜೊತೆಗೆ ನೀರಿನ ಉಷ್ಣತೆಯನ್ನೂ ದಾಖಲಿಸುವುದು ಉತ್ತಮ.

ಉಪಕರಣವಿಲ್ಲದಿದ್ದಲ್ಲಿ

ಕಿರಿದಾದ ಬಾಯಿಯ ಗಾಜಿನ ಬಾಟಲಿ ಮತ್ತು ನಿಖರವಾದ ತಕ್ಕಡಿ ಸಾಕು. ಉದಾಹರಣೆಗೆ, ಖಾಲಿ ಬಾಟಲಿ 250 ಗ್ರಾಂ, ಅಂಚಿನವರೆಗೆ ಸಿಹಿನೀರು ತುಂಬಿದಾಗ 750 ಗ್ರಾಂ, ಅಷ್ಟೇ ಮಟ್ಟಕ್ಕೆ ಉಪ್ಪುನೀರು ತುಂಬಿದಾಗ 850 ಗ್ರಾಂ ತೂಗಿದರೆ, 600ನ್ನು 500ರಿಂದ ಭಾಗಿಸಿದಾಗ ಸಾಪೇಕ್ಷ ಸಾಂದ್ರತೆ 1.20 ಎಂದಾಗುತ್ತದೆ. ಇದು ಸುಮಾರು 24 ಬೋಮೆ ಡಿಗ್ರಿಗೆ ಸಮ. ಅಂತಹ ನೀರನ್ನು ಹರಳುಗಟ್ಟುವ ಗದ್ದೆಗೆ ಬಿಡಲು ಇನ್ನೂ ಕಾಯಬೇಕು. ಎರಡೂ ನೀರು ಒಂದೇ ಉಷ್ಣತೆಯಲ್ಲಿರತಕ್ಕದ್ದು.

ಹಳೆಯ ಹೈಡ್ರೋಮೀಟರನ್ನು ಆಗಾಗ್ಗೆ ಬಟ್ಟಿ ಇಳಿಸಿದ ನೀರಿನಲ್ಲಿ ಪರೀಕ್ಷಿಸಬೇಕು. ನಿಗದಿತ ಉಷ್ಣತೆಯಲ್ಲಿ ಅದು 0 ತೋರಿಸದಿದ್ದಲ್ಲಿ, ಅಥವಾ ಒಳಗಿನ ಅಂಕಿಪಟ್ಟಿ ಜಾರಿದ್ದು ಕಂಡುಬಂದಲ್ಲಿ, ಅದನ್ನು ಬಳಸತಕ್ಕದ್ದಲ್ಲ.