ಗ್ರಂಥಭಂಡಾರದಿಂದ ಕಾರ್ಖಾನೆಗೆ

ವಿದ್ಯೆಯು ಗ್ರಂಥಭಂಡಾರದಲ್ಲಿ ನೆಲಸುವುದು. ಉದ್ಯಮವು ಕಾರ್ಖಾನೆಯಲ್ಲಿ ನಡೆಯುವುದು. ಇವೆರಡಕ್ಕೂ ನಡುವೆ ಮಾರ್ಗವಿಲ್ಲದಿದ್ದರೆ ದೇಶಕ್ಕೊದಗುವ ಹಾನಿ ಎಂತಹುದೆಂಬುದಕ್ಕೆ ಮೈಸೂರು ಸೀಮೆಯ ಶ್ರೀಗಂಧದ ವೃತ್ತಾಂತವೇ ಸಾಕ್ಷಿಯಾಗಿರುವುದು.

ಈ ನಾಡಿನ ಗಂಧದ ಕೊರಡುಗಳು ಹರಾಜಿನಲ್ಲಿ ಮಾರಲ್ಪಟ್ಟು, ಮುಖ್ಯವಾಗಿ ಜರ್ಮನಿಗೆ ಸಾಗಿಹೋಗುತ್ತಿದ್ದವು. ಮರವು ನಮ್ಮದು, ತೈಲವನ್ನಿಳಿಸುವ ವಿದ್ಯೆಯು ಅನ್ಯರದು. 1914ರಲ್ಲಿ ಮಹಾಯುದ್ಧವು ಪ್ರಾಪ್ತವಾಗಲು ಆ ವ್ಯಾಪಾರವು ಕಡಿದುಹೋಯಿತು. ದಿವಾನ್ ವಿಶ್ವೇಶ್ವರಯ್ಯನವರ ಕಾಲದ ಸರ್ಕಾರಕ್ಕೆ ಆಗ ನೆರವಾದುದು ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್. ಜೆ. ಎನ್. ಟಾಟಾ ಅವರ ದಾನಸಂಕಲ್ಪದಿಂದ 1909ರಲ್ಲಿ ಸ್ಥಾಪಿತವಾದ ಈ ವಿದ್ಯಾಮಂದಿರದಲ್ಲಿ ಪಾಠವೂ ಗ್ರಂಥಭಂಡಾರವೂ 1911ರಲ್ಲಿ ಒಡನೆಯೇ ಆರಂಭವಾದವು. ಅಲ್ಲಿನ ರಸಾಯನಶಾಸ್ತ್ರಜ್ಞರಾದ ಸಡ್‌ಬರೋ ಮತ್ತು ವಾಟ್ಸನ್ ಅವರು ತೈಲವನ್ನಿಳಿಸುವ ಪ್ರಯೋಗಗಳನ್ನು ನಡೆಸಿದರು. 1916ರಲ್ಲಿ ಬೆಂಗಳೂರಿನಲ್ಲಿಯೂ 1917ರಲ್ಲಿ ಮೈಸೂರಿನಲ್ಲಿಯೂ ಗಂಧದೆಣ್ಣೆಯ ಕಾರ್ಖಾನೆಗಳು ಏರ್ಪಟ್ಟವು.

ಶಾಸ್ತ್ರಜ್ಞನು ಪ್ರಯೋಗಕ್ಕೆ ಕೈಯಿಡುವುದಕ್ಕೆ ಮೊದಲು, ಪೂರ್ವಿಕರು ಮಾಡಿದುದೇನು, ತಪ್ಪಿದುದೆಲ್ಲಿ ಎಂಬುದನ್ನು ಶಾಸ್ತ್ರಪತ್ರಿಕೆಗಳಲ್ಲಿ ಅರಸಬೇಕಾಗುವುದು. ಆದಕಾರಣ ಪ್ರಯೋಗಶಾಲೆಗೆ ಗ್ರಂಥಭಂಡಾರವು ಕಣ್ಣಿನಂತಿರುವುದು. ಆದರೆ ಬಹುಕಾಲ ಗ್ರಂಥಪಾಲಕನ ಧರ್ಮವು ಕೇವಲ ರಕ್ಷಣೆಯೆಂದೇ ಜನರು ಭಾವಿಸಿದ್ದರು. ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾಗಿದ್ದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಪಂಚಸೂತ್ರಗಳಿಂದ ಈ ಭಾವನೆಯನ್ನು ತಿದ್ದಿದರು. ಗ್ರಂಥವು ಉಪಯೋಗಕ್ಕಾಗಿಯೇ ಇರುವುದೆಂದೂ ಓದುಗನ ಕಾಲವನ್ನು ಉಳಿಸುವುದು ಗ್ರಂಥಪಾಲಕನ ಕರ್ತವ್ಯವೆಂದೂ ಅವರು ವಿಧಿಸಿದರು. ಮುಂದೆ ಬೆಂಗಳೂರಿನಲ್ಲಿಯೇ ನೆಲಸಿದ ಅವರು, 1962ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಆಶ್ರಯದಲ್ಲಿ ಒಂದು ಶಿಕ್ಷಣಕೇಂದ್ರವನ್ನು ಸ್ಥಾಪಿಸಿದರು. ಸಂಶೋಧಕರಿಗೂ ಉದ್ಯಮಗಳಿಗೂ ಬೇಕಾದ ಲೇಖನಗಳನ್ನು ಹುಡುಕಿ, ಸಾರವನ್ನೆತ್ತಿ, ಕಾಲಕ್ಕೆ ಸರಿಯಾಗಿ ಮುಟ್ಟಿಸುವ ವಿದ್ಯೆಯು ಅಲ್ಲಿ ಬೋಧಿಸಲ್ಪಟ್ಟಿತು. ಗ್ರಂಥವನ್ನು ಕಾಯುತ್ತಿದ್ದವನು ಗ್ರಂಥದ ದೂತನಾದನು.

ಇನ್‌ಸ್ಟಿಟ್ಯೂಟಿಗೆ 1958ರಲ್ಲಿ ವಿಶ್ವವಿದ್ಯಾನಿಲಯದ ಅಂತಸ್ತು ಲಭಿಸಿತು. 1995ರಲ್ಲಿ ಅದರ ಗ್ರಂಥಭಂಡಾರಕ್ಕೆ ಜೆ. ಆರ್. ಡಿ. ಟಾಟಾ ಅವರ ಹೆಸರನ್ನಿಟ್ಟರು. 2002ರಲ್ಲಿ ಅಲ್ಲಿನ ವಿದ್ವಾಂಸರ ಲೇಖನಗಳನ್ನು ಗಣಕಯಂತ್ರದ ಮೂಲಕ ಲೋಕಕ್ಕೆ ತೆರೆದಿಡುವ ವ್ಯವಸ್ಥೆಯೂ ಆಯಿತು. ಹಿಂದೆ ಓದುಗನು ಗ್ರಂಥವಿದ್ದಲ್ಲಿಗೆ ಬರಬೇಕಾಗಿದ್ದಿತು. ಈಗ ದೂರದ ಕಾರ್ಖಾನೆಯ ಕೆಲಸಗಾರನಿಗೂ ಆ ಬಾಗಿಲು ತೆರೆದಿರುವುದು.

ಆದರೂ ತೆರೆದ ಬಾಗಿಲು ತಾನಾಗಿ ಯಾರನ್ನೂ ಒಳಗೆ ಕರೆತರಲಾರದು. ಕೇಳುವವನ ಕೊರತೆಯನ್ನರಿತು ತಕ್ಕ ಗ್ರಂಥವನ್ನು ತೋರಿಸುವ ಅನುಭವಿಯು ಇಂದಿಗೂ ಬೇಕು. ಅಂತಹವನಿಲ್ಲದೆಡೆ ವಿದ್ಯೆಯಿದ್ದೂ, ಗಂಧವನ್ನು ಬೆಳೆದು ತೈಲವನ್ನರಿಯದ ನಾಡಿನಂತೆ, ಜನರು ಬಡವರಾಗಿಯೇ ಉಳಿಯುವರು.