ಹಿಮಪಾತ: ಒಂದು ಪದ, ಹಲವು ಅಪಾಯ

ನಾಗಪುರದ ಸಮೀಪದ ಕಳಮೇಶ್ವರದಲ್ಲಿ ಫೆಬ್ರುವರಿ, ಮಾರ್ಚ್ ತಿಂಗಳುಗಳಲ್ಲಿ ಆಲಿಕಲ್ಲು ಸುರಿದರೆ ಕಿತ್ತಳೆ ತೋಟಗಳ ಹೀಚು, ಹಣ್ಣು ಎರಡೂ ನೆಲ ಸೇರುತ್ತವೆ. ಮರಾಠಿಗರು ಅದನ್ನು ‘ಗಾರಪೀಟ’ ಎನ್ನುತ್ತಾರೆ. ಇದರ ಹಿಂದೆ ಅನೇಕ ಸಲ ಇರುವುದು ಮೆಡಿಟರೇನಿಯನ್ ಕಡೆಯಿಂದ ಪೂರ್ವಕ್ಕೆ ಸಾಗಿಬರುವ ವಾಯುಕ್ಷೋಭೆ. ಹವಾಮಾನ ಇಲಾಖೆ ‘ವೆಸ್ಟರ್ನ್ ಡಿಸ್ಟರ್ಬೆನ್ಸ್’ ಎಂದು ಕರೆಯುವ ಈ ಕ್ಷೋಭೆಯೇ ಹಿಮಾಲಯದಲ್ಲಿ ಹಿಮವನ್ನು ಸುರಿಸುತ್ತದೆ.

ಬಯಲಿನ ಆಲಿಕಲ್ಲಿಗೆ ಕನ್ನಡದಲ್ಲಿ ಸ್ವಂತ ಪದವಿದೆ. ಪರ್ವತದ ಹಿಮಕ್ಕೆ ಬಂದಾಗ ನಮ್ಮ ಭಾಷೆ ಬಡವಾಗುತ್ತದೆ. ಇಬ್ಬನಿಯ ಮುಸುಕು, ನೀರ್ಗಲ್ಲು, ಹಿಮ ಮೂರಕ್ಕೂ ‘ಮಂಜು’ ಎನ್ನುತ್ತೇವೆ. ಆಕಾಶದಿಂದ ಹಿಮ ಉದುರಿದರೂ, ಇಳಿಜಾರಿನಿಂದ ಹಿಮರಾಶಿ ಜಾರಿದರೂ ‘ಹಿಮಪಾತ’ ಎಂದೇ ಬರೆಯುತ್ತೇವೆ. ಈ ಬಡತನ ಕೇವಲ ನಿಘಂಟಿನದಲ್ಲ ಎಂಬುದನ್ನು ಕನ್ನಡಿಗರ ಇತ್ತೀಚಿನ ಚರಿತ್ರೆ ಎರಡು ಬಾರಿ ತೋರಿಸಿದೆ.

2016ರ ಫೆಬ್ರುವರಿ 3ರಂದು ಸಿಯಾಚಿನ್‌ನ ಸೋನಂ ಠಾಣೆಯ ಮೇಲೆ ಹಿಮದ ಗೋಡೆ ಕುಸಿಯಿತು. ಸುಮಾರು 19,600 ಅಡಿ ಎತ್ತರದಲ್ಲಿದ್ದ ಮದ್ರಾಸ್ ರೆಜಿಮೆಂಟಿನ ಹತ್ತು ಯೋಧರು ಹೂತುಹೋದರು. ಅವರಲ್ಲಿ ಮೂವರು ಕರ್ನಾಟಕದವರು. ಕುಂದಗೋಳ ತಾಲ್ಲೂಕಿನ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರನೆಯ ದಿನ ಜೀವಂತವಾಗಿ ಸಿಕ್ಕರು. ಫೆಬ್ರುವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು.

2024ರ ಜೂನ್ ಮೊದಲ ವಾರದಲ್ಲಿ ಉತ್ತರಾಖಂಡದ ಸಹಸ್ರತಾಲ್ ಹಾದಿಯಲ್ಲಿ ನಡೆದದ್ದು ಬೇರೆ. ಅಲ್ಲಿ ಏನೂ ಕುಸಿಯಲಿಲ್ಲ. ಬಹುಪಾಲು ಕನ್ನಡಿಗರೇ ಇದ್ದ 22 ಮಂದಿಯ ಚಾರಣ ತಂಡವನ್ನು ಹಿಮಗಾಳಿ ಸುತ್ತುವರಿಯಿತು. ದಾರಿ ಕಾಣದೆ, ಚಳಿಗೆ ಸೋತು ಒಂಬತ್ತು ಮಂದಿ ಮಡಿದರು, ಹದಿಮೂವರು ಉಳಿದರು. ಬೆಂಗಳೂರಿನಲ್ಲಿ ಬೇಸಿಗೆ ಮುಗಿದು ಮುಂಗಾರು ಕಾಲಿಡುವ ದಿನಗಳವು.

ಒಂದರಲ್ಲಿ ಅಪಾಯ ನೆಲೆಯದು, ಇನ್ನೊಂದರಲ್ಲಿ ಗಳಿಗೆಯದು. ವಸಂತದಲ್ಲಿ ಮೂರನೆಯದೊಂದು ಸೇರುತ್ತದೆ. ರಾತ್ರಿ ಹೆಪ್ಪುಗಟ್ಟಿ ಬಿಗಿಯಾಗಿದ್ದ ಹಿಮಪದರ ಹಗಲಿನ ಬಿಸಿಲಿಗೆ ಕರಗಿ, ನೀರು ಒಳಗಿಳಿದು, ಪದರಗಳ ಹಿಡಿತ ಸಡಿಲಿಸುತ್ತದೆ. ಮೂವತ್ತರಿಂದ ನಲವತ್ತೈದು ಡಿಗ್ರಿಗಳ ಇಳಿಜಾರು ಇದ್ದರೆ ತೊಯ್ದ ಹಿಮ ಜಾರುತ್ತದೆ. ಆದ್ದರಿಂದಲೇ ಪರ್ವತಾರೋಹಿಗಳು ಇರುಳು ಕಳೆಯುವ ಮುನ್ನವೇ ಹೊರಟು, ಬಿಸಿಲೇರುವ ಮೊದಲು ಇಂಥ ಇಳಿಜಾರು ದಾಟುತ್ತಾರೆ. ನಮ್ಮ ಕಾವ್ಯಗಳಲ್ಲಿ ಮಾವು ಚಿಗುರುವ ಋತು ಅಲ್ಲಿ ನೆಲ ಸಡಿಲುವ ಋತು.

ಆದುದರಿಂದ ಉದುರುವುದಕ್ಕೆ ಹಿಮಪಾತ, ಜಾರುವುದಕ್ಕೆ ಹಿಮಕುಸಿತ, ಬೀಸುವುದಕ್ಕೆ ಹಿಮಗಾಳಿ ಎಂದು ಬೇರ್ಪಡಿಸಿ ಬಳಸುವುದು ಪಾಂಡಿತ್ಯದ ಹಟವಲ್ಲ. ಮೊದಲನೆಯದಕ್ಕೆ ಕಾಯಬೇಕು, ಎರಡನೆಯದರ ಹಾದಿಯಿಂದ ದೂರವಿರಬೇಕು, ಮೂರನೆಯದು ಏಳುವ ಮುನ್ನ ಹಿಂದಿರುಗಬೇಕು. ಬೆಟ್ಟಕ್ಕೆ ಹೊರಡುವ ಕನ್ನಡಿಗರ ಸಂಖ್ಯೆ ಹೆಚ್ಚುತ್ತಿರುವಾಗ, ಅವರ ಮನೆಮಾತಿನಲ್ಲಿಯೂ ಈ ವ್ಯತ್ಯಾಸ ಕೇಳಿಸುವಂತಿರಬೇಕು.